ಸ್ಪಷ್ಟನೆ: ‘ಮುರಿದ ಕಂಬ’ ಆಸ್ಪತ್ರೆಯ ಹಾಸಿಗೆಯಲ್ಲಿ ಬರೆದ ಚಿತ್ರವಲ್ಲ

ಮೆಕ್ಸಿಕೊದ ಕಲಾವಿದೆ ಫ್ರೀಡಾ ಕಾಹ್ಲೋ ಬಸ್ ಅಪಘಾತವಾದ ವಾರದಲ್ಲೇ ‘ಮುರಿದ ಕಂಬ’ ಎಂಬ ಸ್ವಚಿತ್ರ ಬರೆದು ನೋವನ್ನು ಗೆದ್ದರು ಎಂಬ ಸಂದೇಶ ಮಾಟುಂಗಾ, ಡೊಂಬಿವಲಿಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಅಪಘಾತ ನಡೆದದ್ದು 1925ರ ಸೆಪ್ಟೆಂಬರ್‌ನಲ್ಲಿ, ಚಿತ್ರ 1944ರದು. ಬೆನ್ನು ಮತ್ತೆ ಕೈಕೊಟ್ಟು ಉಕ್ಕಿನ ಕವಚ ತೊಡಬೇಕಾಗಿ ಬಂದ ಕಾಲವದು.

ಚಿತ್ರವನ್ನೇ ನೋಡಿ: ಸೀಳಿದ ಮೈಯೊಳಗೆ ಬೆನ್ನೆಲುಬಿನ ಜಾಗದಲ್ಲಿ ಬಿರುಕುಬಿಟ್ಟ ಕಲ್ಲಿನ ಕಂಬ, ಮೈತುಂಬ ಮೊಳೆಗಳು, ಕೆನ್ನೆಯ ಮೇಲೆ ಕಣ್ಣೀರು. ನೋಟ ಮಾತ್ರ ನೆಟ್ಟಗೆ ನಮ್ಮತ್ತಲೇ. ನೋವು ಮುಗಿದ ಮೇಲೆ ಯಾರೂ ಹೀಗೆ ಬರೆಯಲಾರರು. 1954ರಲ್ಲಿ ತೀರಿಕೊಳ್ಳುವವರೆಗೂ ಅದು ಅವರನ್ನು ಬಿಡಲಿಲ್ಲ. ದಯವಿಟ್ಟು ಇಸವಿ ತಿದ್ದಿ ಹಂಚಿ. ವರ್ಷಗಟ್ಟಲೆ ಹಾಸಿಗೆ ಹಿಡಿದವರು ವಾರದಲ್ಲೇ ನೋವು ಗೆದ್ದರೆಂಬ ಆ ಸಂದೇಶ ಓದಿ ತಮ್ಮನ್ನೇ ಹಳಿದುಕೊಳ್ಳುವಂತಾಗಬಾರದು.