ಹ್ಯಾಂಡಲ್ ಒಂದಿಷ್ಟು ಮೇಲಿರಲಿ

ಗೇರ್ ಸೈಕಲ್ ಕೊಳ್ಳೋಕೆ ಬಂದವರು ಮೊದಲು ಕೇಳುವುದು ‘ಎಷ್ಟು ಗೇರ್?’ ಅಂತ. ಆಮೇಲೆ ಬಣ್ಣ. ಫ್ರೇಮಿನ ಸೈಜು ಕೇಳುವವರು ಕಡಿಮೆ. ಕೇಳಿದರೂ ಅಂಗಡಿಯವನು ಒಮ್ಮೆ ಮೇಲಿಂದ ಕೆಳಗೆ ನೋಡಿ ‘ನಿಮಗೆ ಮೀಡಿಯಂ ಸಾಕು ಸಾರ್’ ಅಂತ ಮುಗಿಸಿಬಿಡುತ್ತಾನೆ. ಎತ್ತರ ಒಂದೇ ಇದ್ದರೂ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಮೈ ಉದ್ದ ಅಲ್ವಾ? ಕಾಲಿನ ಲೆಕ್ಕಕ್ಕೆ ಸೀಟು ಏರಿಸಿ ಇಳಿಸಬಹುದು. ಫ್ರೇಮೇ ಉದ್ದವಾದರೆ ದಾರಿಯುದ್ದಕ್ಕೂ ಕೈ ಚಾಚಿಕೊಂಡೇ ಇರಬೇಕು. ಎರಡು ಸೈಜಿನ ನಡುವೆ ಸಿಕ್ಕಿಕೊಂಡವರಿಗೆ ನನ್ನ ಓಟು ಚಿಕ್ಕದಕ್ಕೇ.

ಹಾಗೆ ಚಾಚಿಕೊಂಡಿದ್ದಕ್ಕೆ ದಂಡ ಕಟ್ಟುವುದು ಅಂಗೈ. ಮೈಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಅಂಗೈ ಬುಡದಲ್ಲಿ, ಕಿರುಬೆರಳಿನ ಬದಿಗೆ ಹಾದುಹೋಗುವ ನರ ಒತ್ತಿಹೋಗಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಜನ ಇದಕ್ಕೆ ದಪ್ಪ ಗ್ಲೌಸ್ ಕೊಳ್ಳುತ್ತಾರೆ. ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡಿದೆಯಲ್ಲ, ಸ್ಟೆಮ್ಮು, ಅದರ ಮೇಲೆ ಸುಮ್ನೆ ಕೂತಿರುವ ಬಳೆಯಂಥ ಸ್ಪೇಸರ್‌ಗಳನ್ನು ಸ್ಟೆಮ್ಮಿನ ಕೆಳಗೆ ಹಾಕಿದರೆ ಹ್ಯಾಂಡಲ್ ಏರುತ್ತದೆ, ಖರ್ಚೂ ಇಲ್ಲ. ಆದರೆ ಒಂದು ಮಾತು: ನೆತ್ತಿಯ ಬೋಲ್ಟು ಬೇರಿಂಗಿನ ಅಲುಗಾಟ ತೆಗೆಯೋಕೆ ಮಾತ್ರ. ಹ್ಯಾಂಡಲ್ ಹಿಡಿದಿಡುವುದು ಸ್ಟೆಮ್ಮಿನ ಪಕ್ಕದ ಬೋಲ್ಟುಗಳು. ಹಾಗಾಗಿ ಬಿಗಿಸುವಾಗ ಮೊದಲು ನೆತ್ತಿಯದು, ಆಮೇಲೆ ಪಕ್ಕದ್ದು.

ಅಗಲದ ಕಥೆ ಇನ್ನೂ ತಮಾಷೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಹಳೇ ಶ್ವಿನ್ ಸೈಕಲ್ ಹತ್ತಿ ಗುಡ್ಡ ಇಳಿಯುತ್ತಿದ್ದ ಹುಡುಗರು ಮೋಟರ್‌ಬೈಕ್ ಥರದ ಅಗಲ ಹ್ಯಾಂಡಲ್ ಹಾಕಿಕೊಂಡಿದ್ದರು. 90ರ ದಶಕದ ರೇಸಿನ ಹುಚ್ಚಿನಲ್ಲಿ ಅದು 600 ಮಿ.ಮೀ.ಗಿಂತ ಕಡಿಮೆಗೆ ಇಳಿಯಿತು. ಈಗ ಮತ್ತೆ 780, 800. ಗುಡ್ಡದ ಇಳಿಜಾರಿಗೆ 800 ಸರಿ. ಸಿಲ್ಕ್ ಬೋರ್ಡ್‌ನಲ್ಲಿ ಎರಡು ಆಟೋಗಳ ನಡುವೆ ನುಗ್ಗಿಸಿ ನೋಡೋಣ! ಊರೊಳಗೆ ಓಡಾಡುವ, ಸಾಧಾರಣ ಭುಜದವರಿಗೆ 720 ಧಾರಾಳ. ಜಾಸ್ತಿ ಇದ್ದರೆ ತುದಿ ಕೊಯ್ಯಿಸಬಹುದು, ಕೊಯ್ದಮೇಲೆ ಅಂಟಿಸೋಕಾಗುವುದಿಲ್ಲ. ಅದಕ್ಕೇ ಮೊದಲು ಗ್ರಿಪ್ಪು, ಬ್ರೇಕು ಒಳಗೆ ಸರಿಸಿಕೊಂಡು ಸ್ವಲ್ಪ ದಿನ ಓಡಿಸಿ ನೋಡಬೇಕು.

ಇನ್ನು ನಮ್ಮ ಹಾಲಿನವರ ಸೈಕಲ್ ನೋಡಿ. ಹ್ಯಾಂಡಲ್ ಎತ್ತರಕ್ಕಿದ್ದು ಹಿಂದಕ್ಕೆ ಬಾಗಿರುತ್ತದೆ, ಮಣಿಕಟ್ಟು ತಿರುಚುವುದೇ ಇಲ್ಲ. ಅದೇ ಬಾಗಿಗೆ ಈಗ ‘ಬ್ಯಾಕ್‌ಸ್ವೀಪ್’ ಅಂತ ಹೆಸರಿಟ್ಟು ಒಳ್ಳೇ ಬೆಲೆಗೆ ಮಾರುತ್ತಾರೆ. ನಾನೂ ಒಂದು ಹಾಕಿಸಿದ್ದೇನೆ. ‘ಏನ್ ಸಾರ್, ಹಾಲು ಹಾಕೋಕೆ ಹೊರಟ್ರಾ?’ ಅಂತ ಜೊತೆಯವರು ಕಿಚಾಯಿಸುತ್ತಾರೆ. ಕಿಚಾಯಿಸಲಿ ಬಿಡಿ. ಸಿಗ್ನಲ್ ಬಂದಾಗಲೆಲ್ಲ ಕೈ ಒದರಿಕೊಳ್ಳುತ್ತಾ ನಿಲ್ಲುವವರು ಅವರೇ.