ಹದಿಮೂರನೇ ಹೊಳೆ

ಕಾಸರಗೋಡು ಜಿಲ್ಲೆಯಲ್ಲಿ ಹೊಳೆಗಳು ಹನ್ನೆರಡು. ಶಾಲೆಯ ಸ್ಲೈಡಿನಲ್ಲಿ ಮಾತ್ರ ಒಮ್ಮೊಮ್ಮೆ ಹದಿಮೂರು ಹರಿಯುತ್ತವೆ.

ಇಲ್ಲಿನ ಕನ್ನಡ ಶಾಲೆಗಳ ಕಂಪ್ಯೂಟರಿನಲ್ಲಿ ಇರುವುದು ಉಬುಂಟು, ಅದರೊಳಗೆ ಸ್ಲೈಡ್ ಮಾಡಲು ಲಿಬ್ರೆ ಆಫೀಸಿನ ಇಂಪ್ರೆಸ್. ಸ್ಲೈಡಿನಲ್ಲಿ ಹೊಳೆಗೊಂದು ಚೌಕ ಬೇಕು. ಒಂದು ಚೌಕ ಬರೆದು, ಅದನ್ನು ಆರಿಸಿ, ಶಿಫ್ಟ್ ಹಿಡಿದು ಎಫ್3 ಒತ್ತಿದರೆ ‘ಎಷ್ಟು ಪ್ರತಿ, ಎಷ್ಟು ದೂರ’ ಎಂದು ಕೇಳುವ ಕಿಟಕಿ ತೆರೆಯುತ್ತದೆ. ಹನ್ನೆರಡು ಹೊಳೆ ಅಂತ ಮಾಷ್ಟ್ರು 12 ಹಾಕುತ್ತಾರೆ. ಮೊದಲೇ ಬರೆದ ಚೌಕ ಆ ಲೆಕ್ಕಕ್ಕೆ ಸೇರುವುದಿಲ್ಲ ಮಾರಾಯ್ರೆ! ಹೊಸ ಹೊಳೆ ಹುಟ್ಟುವುದು ಹೀಗೆ.

ಅಡ್ಡದ ಅಂತರವೆಂದರೆ ಚೌಕಗಳ ನಡುವಿನ ಖಾಲಿ ಜಾಗವಲ್ಲ, ಒಂದರ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ ಇರುವ ದೂರ. 3 ಸೆಂ.ಮೀ. ಅಗಲದ ಚೌಕಕ್ಕೆ 1 ಎಂದು ಕೊಟ್ಟರೆ ಮೊಗ್ರಾಲಿನ ಮೇಲೆ ಶಿರಿಯ, ಶಿರಿಯದ ಮೇಲೆ ಉಪ್ಪಳ ಹತ್ತಿ ಕೂರುತ್ತವೆ. 4.5 ಕೊಡಿ, ಒಂದೂವರೆ ಸೆಂಟಿಮೀಟರ್ ಉಸಿರಾಡಲು ಸಿಗುತ್ತದೆ. 16:9ರ ಸ್ಲೈಡ್ 28 ಸೆಂ.ಮೀ. ಅಗಲ, ಮೊದಲ ಚೌಕವನ್ನು ಎಡ ಅಂಚಿನಿಂದ 1.25 ಸೆಂ.ಮೀ. ಬಿಟ್ಟು ಇಟ್ಟರೆ ಸಾಲಿಗೆ ಸರಿಯಾಗಿ ಆರು ಹಿಡಿಯುತ್ತವೆ. ಅಂದರೆ ಪ್ರತಿಗಳ ಸಂಖ್ಯೆ 5, ಮೇಲೆ ಕೆಳಗಿನ ಅಂತರ 0. ಅಭ್ಯಾಸಬಲದಿಂದ 6 ಹಾಕಿದಿರೋ, ಏಳನೆಯ ಹೊಳೆ ಪಡುವಣಕ್ಕೆ ಹರಿಯುವ ಬದಲು ಬಲ ಅಂಚು ದಾಟಿ ಘಟ್ಟ ಹತ್ತುತ್ತದೆ, ಪ್ರದರ್ಶನದಲ್ಲಿ ಕಾಣುವುದೇ ಇಲ್ಲ. ಎರಡನೇ ಸಾಲಿಗೆ ಆರನ್ನೂ ಒಟ್ಟಿಗೆ ಆರಿಸಿ ಮತ್ತೆ ಶಿಫ್ಟ್ ಎಫ್3: ಪ್ರತಿ 1, ಅಡ್ಡ 0, ಕೆಳಕ್ಕೆ 4.

ಅಕ್ಷರದ ಗಾತ್ರ, ಬಣ್ಣ, ಗೆರೆ ಎಲ್ಲವನ್ನೂ ಮೊದಲ ಚೌಕದಲ್ಲೇ ಮುಗಿಸಿ; ಪ್ರತಿಗಳಿಗೂ ಅದೇ ಬರುತ್ತದೆ. ಹೆಸರನ್ನು ಮಾತ್ರ ಬರೆಯಬೇಡಿ. ಬರೆದರೆ ಹನ್ನೆರಡೂ ಚಂದ್ರಗಿರಿ.

ಮನೆಯ ಪವರ್‌ಪಾಯಿಂಟಿನಲ್ಲಿ ಈ ಕಿಟಕಿ ಇಲ್ಲ, ಕಂಟ್ರೋಲ್ ಡಿ ಇದೆ. ಪ್ರತಿ ಸ್ವಲ್ಪ ಬಲಕ್ಕೆ, ಸ್ವಲ್ಪ ಕೆಳಕ್ಕೆ ಸರಿದು ಓರೆಯಾಗಿ ಬೀಳುತ್ತದೆ. ಅದನ್ನು ಬೇಕಾದಲ್ಲಿ ಎಳೆದಿಟ್ಟು, ಬೇರೆಲ್ಲೂ ಕ್ಲಿಕ್ ಮಾಡದೆ ಮತ್ತೆ ಕಂಟ್ರೋಲ್ ಡಿ ಒತ್ತುತ್ತ ಹೋದರೆ ಅದೇ ಅಂತರದಲ್ಲಿ ಉಳಿದವು ಸಾಲುಗಟ್ಟುತ್ತವೆ. ನಡುವೆ ಫೋನ್ ಬಂತು, ಕೈ ಎಲ್ಲೋ ತಾಗಿತು ಎಂದರೆ ಅಂತರವೆಲ್ಲ ಮರೆತಂತೆಯೇ, ಮುಂದಿನದು ಪುನಃ ಓರೆ. ಎಡಬದಿಯ ಚಿಕ್ಕ ಸ್ಲೈಡಿನ ಮೇಲೆ ಕ್ಲಿಕ್ ಬಿದ್ದಿದ್ದರಂತೂ ಹೊಳೆಯಲ್ಲ, ಇಡೀ ಜಿಲ್ಲೆಯೇ ಎರಡಾಗುತ್ತದೆ. ಆಗ ಕಂಟ್ರೋಲ್ ಝಡ್ ಒತ್ತಿ, ಚೌಕದ ಅಂಚನ್ನು ಹಿಡಿದು ಮೊದಲಿನಿಂದ ಶುರು ಮಾಡಿ.