ವೇಪಿನ ಹಾವಳಿಗೆ ಪುರಸಭೆ ಹೊಣೆಯೇ?

ಪರ: ಮಳಿಗೆಯ ಮಾಲೀಕರು ಕಣ್ಣು ಮುಚ್ಚಿ ಕೂರುವಂತಿಲ್ಲ

ವೇಪು ಎಂದರೆ ನಿಕೋಟಿನ್ ದ್ರವವನ್ನು ಬ್ಯಾಟರಿಯಿಂದ ಬಿಸಿಮಾಡಿ ಅದರ ಆವಿಯನ್ನು ಸೇದುವ ಇ-ಸಿಗರೇಟು. ಕರ್ನಾಟಕ ಸರ್ಕಾರ ಇದನ್ನು 2016ರಲ್ಲೇ ನಿಷೇಧಿಸಿತು; ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ 2019ರಲ್ಲಿ ಬಂತು. ತಯಾರಿಕೆ, ಆಮದು, ಮಾರಾಟ, ಸಾಗಣೆ, ಜಾಹೀರಾತು ಎಲ್ಲವೂ ಅಪರಾಧವಾಗಿದ್ದು, ಮೊದಲ ಸಲ ಸಿಕ್ಕಿಬಿದ್ದವನಿಗೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಷ್ಟಾದರೂ ನಮ್ಮೂರಿನ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಮೊಬೈಲ್ ಕವರು, ಇಯರ್‌ಫೋನು ತೂಗುಹಾಕಿರುವ ಅಂಗಡಿಯೊಂದರಲ್ಲಿ, ಪಿಯು ಹುಡುಗರು ‘ಅಣ್ಣಾ, ಮ್ಯಾಂಗೋ ಇದೆಯಾ?’ ಎಂದಷ್ಟೇ ಕೇಳಿದರೆ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಮಾವಿನ ಪರಿಮಳದ ವೇಪು ಹೊರಬರುತ್ತದೆ. ಆ ಸಾಲಿನ ಮಳಿಗೆಗಳೆಲ್ಲವೂ ಪುರಸಭೆಯ ಸ್ವತ್ತು.

ನನ್ನ ವಾದವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. 2019ರ ಕಾಯ್ದೆ ಮಾರುವವನನ್ನು ಮಾತ್ರ ಹಿಡಿದು ಸುಮ್ಮನಾಗುವುದಿಲ್ಲ. ಒಂದು ಜಾಗದ ಮಾಲೀಕರಾಗಲಿ, ಅದರ ಮೇಲೆ ಹಿಡಿತವಿರುವವರಾಗಲಿ, ಗೊತ್ತಿದ್ದೂ ಅಲ್ಲಿ ಇ-ಸಿಗರೇಟಿನ ದಾಸ್ತಾನಿಗೆ ಅವಕಾಶ ಕೊಡಬಾರದು ಎಂದೂ ಅದು ಹೇಳುತ್ತದೆ. ಕೊಟ್ಟವರಿಗೆ ಆರು ತಿಂಗಳವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಊರಿನವರು ಲಿಖಿತವಾಗಿ ದೂರು ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಮೇಲೆ ‘ನಮಗೆ ಗೊತ್ತಿರಲಿಲ್ಲ’ ಎಂಬ ನೆಪ ಪುರಸಭೆಗೆ ಉಳಿಯುವುದು ಹೇಗೆ?

ದೂರು ಕೊಟ್ಟವರಲ್ಲಿ ನಾನೂ ಒಬ್ಬ. ನನ್ನ ತಂಗಿಯ ಮಗ ಹತ್ತನೆಯ ತರಗತಿಯಲ್ಲಿದ್ದಾಗ ಅವನ ಜಾಮೆಟ್ರಿ ಡಬ್ಬಿಯಲ್ಲಿ ಹೈಲೈಟರ್ ಪೆನ್ನಿನಂತಹ ತಿಳಿನೀಲಿ ವಸ್ತುವೊಂದು ಸಿಕ್ಕಿತು. ಅದರ ಒಂದು ತುದಿ ಪೀಪಿಯಂತೆ ಚಪ್ಪಟೆಯಾಗಿತ್ತು, ಇನ್ನೊಂದು ತುದಿಯಲ್ಲಿ ಸಣ್ಣ ದೀಪವಿತ್ತು. ತಂಗಿ ಅದನ್ನು ಪೆನ್‌ಡ್ರೈವ್ ಎಂದುಕೊಂಡು ಒರೆಸಿ ಮೇಜಿನ ಮೇಲಿಟ್ಟಿದ್ದಳು. ಬೀಡಿಯಾಗಿದ್ದರೆ ವಾಸನೆಗೆ ಮನೆಯವರೆಲ್ಲ ಎಚ್ಚರಗೊಳ್ಳುತ್ತಿದ್ದರು. ಇದರಿಂದ ಬಂದದ್ದು ಕಲ್ಲಂಗಡಿ ಹಣ್ಣಿನ ವಾಸನೆ. ಹುಡುಗ ತರಗತಿಯಲ್ಲಿ ಒಂದು ಪೀರಿಯಡ್ ಪೂರ್ತಿ ಕೂರಲಾಗದೆ ಚಡಪಡಿಸುತ್ತಿದ್ದ ಎಂಬುದು ಶಿಕ್ಷಕಿಯನ್ನು ವಿಚಾರಿಸಿದ ಮೇಲೆ ತಿಳಿಯಿತು. ಹದಿಹರೆಯದ ಮೆದುಳು ಇನ್ನೂ ಬೆಳೆಯುತ್ತಿರುವುದರಿಂದ ನಿಕೋಟಿನ್ ಚಟ ಆ ವಯಸ್ಸಿನಲ್ಲಿ ಬಹಳ ಬೇಗ ಅಂಟುತ್ತದೆ ಎಂದು ವೈದ್ಯರು ವಿವರಿಸಿದರು. ಎಲ್ಲಿ ಕೊಂಡೆ ಎಂದು ಕೇಳಿದಾಗ ಅವನು ತೋರಿಸಿದ್ದು ಅದೇ ಸಾಲಿನ ಮಳಿಗೆಯನ್ನು.

ದೂರಿಗೆ ಬಂದ ಹಿಂಬರಹದಲ್ಲಿ ಒಂದೇ ವಾಕ್ಯವಿತ್ತು: ‘ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.’ ಮಳಿಗೆಯನ್ನು ಹರಾಜಿನಲ್ಲಿ ಹಿಡಿದವರು ಒಬ್ಬರು, ಒಳಬಾಡಿಗೆಗೆ ಪಡೆದು ನಡೆಸುತ್ತಿರುವವರು ಇನ್ನೊಬ್ಬರು, ಉದ್ದಿಮೆ ಪರವಾನಗಿ ಮತ್ತೊಬ್ಬರ ಹೆಸರಿನಲ್ಲಿದೆ. ಹರಾಜಿನ ಷರತ್ತು, ಪರವಾನಗಿಯ ನವೀಕರಣ, ಬಾಡಿಗೆಯ ರಸೀದಿ ಈ ಮೂರೂ ಇರುವುದು ಪುರಸಭೆಯ ಬೀರುವಿನಲ್ಲೇ. ದಾಳಿ ನಡೆಸಿ ಎಂದು ಯಾರೂ ಕೇಳುತ್ತಿಲ್ಲ. ಷರತ್ತು ಮುರಿದವರ ಮಳಿಗೆಯನ್ನು ಹಿಂಪಡೆದು ಪರವಾನಗಿಯನ್ನು ರದ್ದುಪಡಿಸಿ ಎಂದಷ್ಟೇ ಕೇಳುತ್ತಿದ್ದೇವೆ. ತಳ್ಳುಗಾಡಿಯವರ ತಕ್ಕಡಿ ಎತ್ತಿಕೊಂಡು ಹೋಗುವಾಗ ಯಾವ ಕಲಮಿನಡಿ ಎಂದು ಎಂದೂ ತಲೆಕೆಡಿಸಿಕೊಳ್ಳದವರು ಇಲ್ಲಿ ಮಾತ್ರ ಕಾನೂನು ಪುಸ್ತಕ ತೆರೆದು ಕೂರುತ್ತಾರೆ.

ಕೇಳುವವರು ಇದ್ದಿದ್ದರೆ ಹೀಗಾಗುತ್ತಿತ್ತೆ ಎಂಬುದೂ ಯೋಚಿಸಬೇಕಾದ ವಿಷಯ. ಅಧ್ಯಕ್ಷ-ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ನಿಗದಿಯಾಗದೆ ರಾಜ್ಯದ ಹಲವು ಪುರಸಭೆಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಗೆದ್ದ ಸದಸ್ಯರಿಗೂ ಕೂತು ಚರ್ಚಿಸಲು ಸಭೆಯಿಲ್ಲದ ಆ ದಿನಗಳಲ್ಲಿ ಯಾವ ಮಳಿಗೆಯಲ್ಲಿ ಏನು ಮಾರಾಟವಾಗುತ್ತಿದೆ ಎಂದು ವಿಚಾರಿಸುವವರು ಯಾರಿದ್ದರು?

ಇನ್ನು ಕಸದ ಮಾತು. ಕಾಲೇಜಿನ ಹಿಂಬದಿಯ ಚರಂಡಿಯಲ್ಲಿ ಹೂಳಿನೊಂದಿಗೆ ಈಗ ಬಳಸಿ ಎಸೆದ ವೇಪುಗಳೂ ಮೇಲೆ ಬರುತ್ತಿವೆ. ಒಂದೊಂದರ ಒಳಗೂ ಲಿಥಿಯಂ ಬ್ಯಾಟರಿ, ಅದರ ಪಕ್ಕದಲ್ಲಿ ನಿಕೋಟಿನ್ ದ್ರವದಲ್ಲಿ ನೆನೆದ ಬತ್ತಿ. ಕಸದ ವಾಹನದಲ್ಲಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳಬಹುದಾದ ಈ ವಸ್ತುವನ್ನು ಪೌರಕಾರ್ಮಿಕರು ಬರಿಗೈಯಲ್ಲಿ ಆರಿಸುತ್ತಿದ್ದಾರೆ. ಕಸ ಪುರಸಭೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬ ಹಿಂಬರಹವನ್ನು ಇದುವರೆಗೆ ಯಾರೂ ಬರೆದಿಲ್ಲವಷ್ಟೆ!

ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಬ್ರೂಕ್‌ಲೈನ್ ಒಂದು ಪಟ್ಟಣ ಮಾತ್ರ. 2000ದ ಜನವರಿ 1 ಅಥವಾ ಅದರ ನಂತರ ಹುಟ್ಟಿದ ಯಾರಿಗೂ ತಂಬಾಕನ್ನಾಗಲಿ, ಇ-ಸಿಗರೇಟನ್ನಾಗಲಿ ಮಾರಬಾರದು ಎಂದು ಅಲ್ಲಿನ ಪಟ್ಟಣ ಸಭೆ 2020ರಲ್ಲಿ ನಿಯಮ ಮಾಡಿತು. ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋದರು. ರಾಜ್ಯದ ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಪಟ್ಟಣದ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿ ನಿಯಮವನ್ನೇ ಹೊಸದಾಗಿ ಮಾಡಬೇಕಿತ್ತು. ಇಲ್ಲಿ ನಿಯಮ ಸಿದ್ಧವಾಗಿದೆ, ಮಳಿಗೆಯೂ ಪುರಸಭೆಯದೇ.

ವಿರೋಧ: ಇನ್ನೊಂದು ರಿಜಿಸ್ಟರು ತೆರೆದರೆ ವೇಪು ನಿಲ್ಲುವುದಿಲ್ಲ

ಪುರಸಭೆಯ ಆರೋಗ್ಯ ಶಾಖೆಯಲ್ಲಿ ದುಡಿದು ನಿವೃತ್ತನಾದವನು ಎಂಬ ಕಾರಣಕ್ಕೆ ಈ ಪಕ್ಷ ನನ್ನ ಪಾಲಿಗೆ ಬಂದಿದೆ. ಮಕ್ಕಳ ಕೈಗೆ ನಿಕೋಟಿನ್ ಸಿಗಬಾರದು ಎಂಬುದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಊರಿನಲ್ಲಿ ಏನೇ ಕೆಟ್ಟರೂ ಪುರಸಭೆಯ ಬಾಗಿಲು ಬಡಿಯುವ ಅಭ್ಯಾಸವನ್ನು ಪ್ರಶ್ನಿಸಬೇಕಾಗಿದೆ. ನಾಳೆ ಹುಡುಗರು ಮೊಬೈಲಿನಲ್ಲಿ ಜೂಜಾಡಿದರೆ ಅದಕ್ಕೂ ಆರೋಗ್ಯ ನಿರೀಕ್ಷಕರನ್ನೇ ಕರೆಯುತ್ತಾರೇನೋ.

2019ರ ಕಾಯ್ದೆಯಲ್ಲಿ ಶೋಧಿಸುವ, ಜಪ್ತಿ ಮಾಡುವ ಅಧಿಕಾರ ಇರುವುದು ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಗೆ ಅಥವಾ ಸರ್ಕಾರ ಅಧಿಕಾರ ಕೊಟ್ಟ ತತ್ಸಮಾನ ಅಧಿಕಾರಿಗೆ. ಬೆಳಗಿನ ಜಾವ ಹಾಜರಾತಿ ಕರೆದು, ಕಸದ ಗಾಡಿಗಳನ್ನು ಹೊರಡಿಸಿ, ಮಧ್ಯಾಹ್ನ ಬೀದಿನಾಯಿಗಳ ದೂರು ಕೇಳುವ ಆರೋಗ್ಯ ನಿರೀಕ್ಷಕರು ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗೆ ಕೈ ಹಾಕಿದರೆ ವ್ಯಾಪಾರಿಯೇ ಅವರ ಮೇಲೆ ದೂರು ಕೊಡುತ್ತಾನೆ. ಮಾಲೀಕತ್ವದ ಪ್ರಶ್ನೆಯನ್ನು ವಕೀಲರಿಗೆ ಬಿಡೋಣ.

ಇಂತಹ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. 2016ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧ ಬಂದಾಗ ದಾಳಿಯ ಹೊಣೆ ನಮ್ಮ ಶಾಖೆಗೇ ಬಿತ್ತು. ದಫೇದಾರರನ್ನೂ ರಸೀದಿ ಪುಸ್ತಕವನ್ನೂ ಜೊತೆಗಿಟ್ಟುಕೊಂಡು ಸಗಟು ಅಂಗಡಿಗೆ ಹೋದರೆ, ಸಾಹುಕಾರರು ಮೊದಲು ನಮಗೆಲ್ಲ ಮಜ್ಜಿಗೆ ತರಿಸಿದರು. ಬಳಿಕ ನಮಗೆಂದೇ ಎತ್ತಿಟ್ಟಂತಿದ್ದ ಒಂದು ಕಟ್ಟನ್ನು ತಾವೇ ತಂದು ತಮ್ಮ ತಕ್ಕಡಿಯಲ್ಲೇ ತೂಗಿಕೊಟ್ಟರು. ಫೋಟೊ ತೆಗೆದೆವು, ದಂಡದ ರಸೀದಿ ಹರಿದೆವು. ಗೋದಾಮಿನ ಬೀಗದ ಕೈ ಕೇಳುವ ಹೊತ್ತಿಗೆ ವಾರ್ಡಿನ ಸದಸ್ಯರಿಂದ ಫೋನು ಬಂತು. ‘ಸಾರ್, ಹಬ್ಬದ ಸಮಯ, ಸ್ವಲ್ಪ ನೋಡಿಕೊಳ್ಳಿ’ ಎಂದರು. ಜಪ್ತಿ ಮಾಡಿದ ಚೀಲಗಳು ಕಚೇರಿಯ ಮೆಟ್ಟಿಲ ಕೆಳಗೆ ಇಲಿಗಳ ಪಾಲಾದವು. ಸಂಜೆ ಸಂತೆಯಲ್ಲಿ ಹಸಿಮೆಣಸಿನಕಾಯಿ ಕೊಂಡಾಗ ನನಗೆ ಸಿಕ್ಕಿದ್ದೂ ಅಂಥದೇ ಚೀಲ. ಈ ವ್ಯವಸ್ಥೆಯ ಕೈಗೆ ವೇಪನ್ನೂ ಒಪ್ಪಿಸಿದರೆ ವಸೂಲಿಗೆ ಇನ್ನೊಂದು ದಾರಿ ಸಿಕ್ಕೀತೇ ಹೊರತು ಹುಡುಗರ ಚಟ ಬಿಟ್ಟೀತು ಎಂಬ ನಂಬಿಕೆ ನನಗಿಲ್ಲ.

ತಂಬಾಕು ಮಾರಾಟದ ಕನಿಷ್ಠ ವಯಸ್ಸನ್ನು ರಾಜ್ಯ ಸರ್ಕಾರ 21ಕ್ಕೆ ಏರಿಸಿದೆ, ಸಾರ್ವಜನಿಕ ಸ್ಥಳದಲ್ಲಿನ ಧೂಮಪಾನದ ದಂಡವನ್ನು 200 ರೂಪಾಯಿಯಿಂದ 1,000ಕ್ಕೆ ಹೆಚ್ಚಿಸಿದೆ. ಕಾಯ್ದೆ ಬೆಳೆದಂತೆ ಸಿಬ್ಬಂದಿ ಬೆಳೆದಿಲ್ಲ. ವೇಪಂತೂ ಈಗ ಫೋನಿನಲ್ಲೇ ಬುಕ್ ಆಗಿ ಪಾರ್ಸೆಲ್‌ನಲ್ಲಿ ಬಂದಿಳಿಯುತ್ತದೆ. ಮಳಿಗೆ ಮುಚ್ಚಿಸಿದ ಮಾತ್ರಕ್ಕೆ ಪಾರ್ಸೆಲ್ ನಿಲ್ಲುವುದಿಲ್ಲ. ಚರಂಡಿಯ ಬ್ಯಾಟರಿಗಳ ಬಗ್ಗೆ ಹೇಳುವುದಾದರೆ, ಪೌರಕಾರ್ಮಿಕರಿಗೆ ಕೈಗವಸು ಕೊಡಬೇಕು ಎಂಬುದನ್ನು ನಾನು ನೌಕರಿಯಲ್ಲಿದ್ದಾಗಲೂ ಬರೆದಿದ್ದೆ. ಮಳಿಗೆಯ ಷರತ್ತು ಮುರಿದವರಿಗೆ ಮುಖ್ಯಾಧಿಕಾರಿ ನೋಟಿಸು ಕೊಡಲಿ, ಅದಕ್ಕೆ ನನ್ನ ತಕರಾರಿಲ್ಲ. ಶೋಧ, ಜಪ್ತಿ, ಪ್ರಕರಣ ಮೂರೂ ಪೊಲೀಸ್ ಠಾಣೆಯಲ್ಲೇ ಇರಲಿ. ದೂರಿನ ಮೊದಲ ಪ್ರತಿಯೂ ಅಲ್ಲಿಗೇ ಹೋಗಲಿ.